ಪೆಗ್ಗಿ ಕಾರ್ಟರ್: ನೆನಪಿನ ಹುಡುಗಿಗೆ ಕೆಲಸ ಸಿಕ್ಕಿದ್ದು

ಮಾರ್ವೆಲ್‌ನವರ ಪೆಗ್ಗಿ ಕಾರ್ಟರ್ ಅಂದರೆ ನಿಮ್ಮಲ್ಲಿ ಬಹಳ ಜನಕ್ಕೆ ಕಣ್ಣ ಮುಂದೆ ಬರುವುದು ತೆರೆಯ ಮೇಲೆ ಆ ಪಾತ್ರ ಮಾಡಿದ ನಟಿ ಹೇಲಿ ಆಟ್ವೆಲ್ ಮುಖ. ಕೆಂಪು ಹ್ಯಾಟು, ನೀಲಿ ಸೂಟು, ತಿದ್ದಿದ ತುಟಿ, ಬ್ರಿಟಿಷ್ ಉಚ್ಚಾರಣೆ. ಈ ವೇಷವಾಗಲಿ ಉಚ್ಚಾರಣೆಯಾಗಲಿ ಮೂಲ ಕಾಮಿಕ್ಸ್‌ನಲ್ಲಿ ಇರಲಿಲ್ಲ. ಮೂಲದ ಪೆಗ್ಗಿ ಅಮೆರಿಕದವಳು, ಹೊಂಬಣ್ಣದ ಕೂದಲಿನವಳು. ಅದಕ್ಕಿಂತ ಮುಖ್ಯವಾಗಿ, ಮೊದಲು ಕಾಣಿಸಿಕೊಂಡಾಗ ಅವಳಿಗೆ ಹೆಸರೇ ಇರಲಿಲ್ಲ. ಹೆಸರಿಲ್ಲದ ಒಬ್ಬಳು ಐವತ್ತು ವರ್ಷದಲ್ಲಿ ತನ್ನದೇ ಹೆಸರಿನ ಟಿವಿ ಸರಣಿಗೆ ಹೇಗೆ ಬಂದಳು ಅನ್ನುವುದು ಇವತ್ತಿನ ವಿಷಯ. ನನ್ನ ವಾದವನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನೀವು ಒಪ್ಪಿ, ಬಿಡಿ. ಅವಳು ಬೆಳೆದದ್ದು ಶಕ್ತಿ ಸಿಕ್ಕಿದಾಗ ಅಲ್ಲ, ಕೆಲಸ ಸಿಕ್ಕಿದಾಗ. ಮಾಡುವುದಕ್ಕೆ ಕೆಲಸ ಕೊಟ್ಟ ಕಡೆಯಲ್ಲೆಲ್ಲ ಪಾತ್ರ ಗಟ್ಟಿಯಾಗಿದೆ. ಬರೀ ಸ್ಥಾನ ಕೊಟ್ಟ ಕಡೆ ತೆಳ್ಳಗಾಗಿದೆ.

1966ರಿಂದ ಶುರು ಮಾಡೋಣ. ‘ಟೇಲ್ಸ್ ಆಫ್ ಸಸ್ಪೆನ್ಸ್’ ಅಂತ ಒಂದು ಮಾಸಿಕ, ಬೆಲೆ 12 ಸೆಂಟ್. ಒಂದೇ ಸಂಚಿಕೆಯನ್ನು ಐರನ್ ಮ್ಯಾನ್ ಮತ್ತು ಕ್ಯಾಪ್ಟನ್ ಅಮೆರಿಕ ಅನ್ನುವ ಇಬ್ಬರು ಸೂಪರ್‌ಹೀರೋಗಳು ಹಂಚಿಕೊಳ್ಳುತ್ತಿದ್ದರು, ಒಬ್ಬೊಬ್ಬರಿಗೆ ಹತ್ತು ಹನ್ನೆರಡು ಪುಟ. ಈ ಪುಟಗಳ ಲೆಕ್ಕ ನೆನಪಿಟ್ಟುಕೊಳ್ಳಿ, ಯಾಕೆಂದರೆ ಪೆಗ್ಗಿಯ ಹಣೆಬರಹ ಬರೆದದ್ದು ಅದೇ. ಅಷ್ಟು ಪುಟದಲ್ಲಿ ಒಂದು ಹೊಡೆದಾಟ ಬೇಕು, ಒಬ್ಬ ಖಳ ಬೇಕು, ಮುಂದಿನ ತಿಂಗಳಿಗೆ ಒಂದು ಗಂಟು ಬೇಕು. ಉಳಿದ ಜಾಗದಲ್ಲಿ ನಾಯಕನ ಮನಸ್ಸಿನ ನೋವು.

ಆ ನೋವು ಎಲ್ಲಿಂದ ಬಂತು? ಕ್ಯಾಪ್ಟನ್ ಅಮೆರಿಕ ಹುಟ್ಟಿದ್ದು 1941ರಲ್ಲಿ, ಜೋ ಸೈಮನ್ ಮತ್ತು ಜಾಕ್ ಕರ್ಬಿ ಕೈಯಲ್ಲಿ. ಯುದ್ಧ ಮುಗಿದ ಮೇಲೆ ಅವನ ಮಾರುಕಟ್ಟೆಯೂ ಮುಗಿಯಿತು. 1964ರಲ್ಲಿ ‘ಅವೆಂಜರ್ಸ್’ ನಾಲ್ಕನೇ ಸಂಚಿಕೆಯಲ್ಲಿ ಅವನನ್ನು ಮಂಜುಗಡ್ಡೆಯೊಳಗಿಂದ ಎತ್ತಿ ತಂದರು. ಇಪ್ಪತ್ತು ವರ್ಷ ಹೆಪ್ಪುಗಟ್ಟಿ ಮಲಗಿದ್ದವನು ಎದ್ದಾಗ ಕಳೆದುಕೊಂಡದ್ದು ಏನೋ ಇರಬೇಕಲ್ಲ? ಗೆಳೆಯ ಬಕಿ ಇದ್ದ. ಪ್ರೇಯಸಿ ಇರಲಿಲ್ಲ. ಅವಳನ್ನು ಹಿಂದಿನಿಂದ ಸೇರಿಸಿದರು. ಮಾರ್ಚ್ 1966ರ 75ನೇ ಸಂಚಿಕೆಯಲ್ಲಿ ಅವನು ಬೀದಿಯಲ್ಲಿ ಒಬ್ಬ ಯುವತಿಯನ್ನು ನೋಡುತ್ತಾನೆ, ಯುದ್ಧಕಾಲದಲ್ಲಿ ಪ್ರೀತಿಸಿದವಳು ನೆನಪಾಗುತ್ತಾಳೆ. ಬೀದಿಯಲ್ಲಿ ಕಂಡವಳು ಗೂಢಚರ ಸಂಸ್ಥೆ ಶೀಲ್ಡ್‌ನ ಏಜೆಂಟ್ 13, ಮುಂದೆ ಶ್ಯಾರನ್ ಕಾರ್ಟರ್. ನೆನಪಾದವಳು ಪೆಗ್ಗಿ. ಅಂದರೆ ಒಬ್ಬಳ ಮುಖದ ಹೋಲಿಕೆಗೆ ಕಾರಣ ಬೇಕಿತ್ತು, ಆ ಕಾರಣವಾಗಿ ಇನ್ನೊಬ್ಬಳು ಹುಟ್ಟಿದಳು. 77ನೇ ಸಂಚಿಕೆಯಲ್ಲಿ ಆ ನೆನಪು ಇನ್ನಷ್ಟು ಬಿಚ್ಚಿಕೊಳ್ಳುತ್ತದೆ: ನಾಜಿಗಳ ಹಿಡಿತದಲ್ಲಿದ್ದ ಫ್ರಾನ್ಸ್, ಭೂಗತ ಪ್ರತಿರೋಧ ಪಡೆ, ಬಂದೂಕು ಹಿಡಿದ ಹುಡುಗಿ, ಒಂದು ಸ್ಫೋಟ, ಅದರಿಂದ ಅವಳಿಗೆ ಮರೆವು. ಅಲ್ಲಿಗೆ ಅವಳ ಪಾಲು ಮುಗಿಯಿತು.

ಇಲ್ಲಿ ಸ್ವಲ್ಪ ಪಕ್ಕಕ್ಕೆ ಹೋಗುತ್ತೇನೆ. ಈ ಕಥೆಗಳ ಬರಹ ಸ್ಟ್ಯಾನ್ ಲೀ ಅವರದು, ಚಿತ್ರದ ಚೌಕಟ್ಟು ಜಾಕ್ ಕರ್ಬಿಯದು. ಕರ್ಬಿ ಮನೆಯಲ್ಲಿ ಕೂತು ಯುದ್ಧವನ್ನು ಊಹಿಸಿದವರಲ್ಲ. 1944ರ ಆಗಸ್ಟಿನಲ್ಲಿ ನಾರ್ಮಂಡಿಯಲ್ಲಿ ಇಳಿದ ಕಾಲಾಳು ಅವರು. ಚಿತ್ರ ಬರೆಯುತ್ತಾರೆ ಅಂತ ಗೊತ್ತಾದ ಮೇಲೆ ಮೇಲಧಿಕಾರಿ ಅವರನ್ನು ಮುಂಚೂಣಿಗಿಂತ ಮುಂದಕ್ಕೆ ಕಳಿಸಿ ಊರುಗಳ ನಕ್ಷೆ ಬರೆಸುತ್ತಿದ್ದ. ಆ ಚಳಿಗಾಲ ಕಾಲುಗಳು ಹಿಮಕ್ಕೆ ಕೊಳೆಯುವ ಸ್ಥಿತಿಗೆ ಬಂದು ಆಸ್ಪತ್ರೆ ಸೇರಿದರು. ಶತ್ರುವಿನ ಊರಿನೊಳಕ್ಕೆ ಒಂಟಿಯಾಗಿ ಹೋಗುವುದು ಏನು ಅಂತ ಅಷ್ಟು ಚೆನ್ನಾಗಿ ಗೊತ್ತಿದ್ದ ಕೈಯೇ ಈ ಹುಡುಗಿಯ ಆಕೃತಿ ಬರೆದದ್ದು. ಆದರೂ ಅವಳಿಗೆ ಸಿಕ್ಕಿದ್ದು ಕೆಲವೇ ಚೌಕಗಳು. ಅದು ಕರ್ಬಿಯ ಕೊರತೆಯಲ್ಲ, ಆ ಹತ್ತು ಪುಟಗಳ ಕೊರತೆ.

ಪೆಗ್ಗಿಗೆ ಮನೆ, ತಂದೆತಾಯಿ, ವರ್ತಮಾನ ಅಂತ ಸಿಕ್ಕಿದ್ದು 1973ರಲ್ಲಿ, ‘ಕ್ಯಾಪ್ಟನ್ ಅಮೆರಿಕ’ 161 ಮತ್ತು 162ನೇ ಸಂಚಿಕೆಗಳಲ್ಲಿ. ಬರೆದವರು ಸ್ಟೀವ್ ಎಂಗಲ್‌ಹಾರ್ಟ್, ಚಿತ್ರ ಸ್ಯಾಲ್ ಬುಸೆಮಾ. ಸ್ಫೋಟದಲ್ಲಿ ನೆನಪು ಕಳೆದುಕೊಂಡ ಅವಳು ತಂದೆತಾಯಿಯ ಹತ್ತಿರ ವಾಪಸು ಬಂದಿರುತ್ತಾಳೆ. ಚಿಕಿತ್ಸೆಗೆ ಅಂತ ಒಪ್ಪಿಸಿದ್ದು ಡಾಕ್ಟರ್ ಫಾಸ್ಟಸ್ ಅನ್ನುವ ಖಳನಿಗೆ. ಮನಶ್ಶಾಸ್ತ್ರವನ್ನೇ ಆಯುಧ ಮಾಡಿಕೊಂಡವನು ಅವನು. ಪೆಗ್ಗಿ ಅವನ ಸೆರೆಯಾಳು, ಕ್ಯಾಪ್ಟನ್ ಬಂದು ಬಿಡಿಸುತ್ತಾನೆ. ಈ ಫಾಸ್ಟಸ್ ಹೆಸರನ್ನು ಮರೆಯಬೇಡಿ, ನಲವತ್ತೆರಡು ವರ್ಷದ ನಂತರ ಮತ್ತೆ ಬರುತ್ತಾನೆ.

ಬಿಡುಗಡೆಯಾಗಿ ಬಂದ ಪೆಗ್ಗಿಯ ಸ್ಥಿತಿ ನೋಡಿ. ಅವಳಿಗೆ ಈಗ ನಡುವಯಸ್ಸು. ಅವನು ಮಂಜುಗಡ್ಡೆಯಲ್ಲಿ ಮಲಗಿದ್ದರಿಂದ ಅದೇ ಹರೆಯ. ಅವನು ಈಗ ಪ್ರೀತಿಸುತ್ತಿರುವುದು ಅವಳ ತಂಗಿ ಶ್ಯಾರನ್‌ಳನ್ನು. ಹೌದು, ಆಗ ಶ್ಯಾರನ್ ಅವಳ ಒಡಹುಟ್ಟಿದ ತಂಗಿ. ತುಂಬ ದಿನ ಅವಳಿಗೆ ಸತ್ಯವನ್ನೂ ಹೇಳುವುದಿಲ್ಲ. ಈ ಸಂಕಟವನ್ನು ಪಟ್ಟಾಗಿ ಹಿಡಿದಿದ್ದರೆ ದೊಡ್ಡ ಕಥೆಯೇ ಆಗುತ್ತಿತ್ತು. ಆದರೆ ಓದುಗನ ಕಣ್ಣು ಕ್ಯಾಪ್ಟನ್ ಮೇಲೆ. ಅವಳ ವಯಸ್ಸು ಅವನ ಮುಜುಗರವಾಗಿ ಮಾತ್ರ ಉಳಿಯುತ್ತದೆ. ಮುಂದೆ ಅವಳು ಶೀಲ್ಡ್ ಸೇರುತ್ತಾಳೆ, ಗೇಬ್ ಜೋನ್ಸ್ ಅನ್ನುವ ಏಜೆಂಟ್ ಜತೆ ಒಡನಾಟ ಬೆಳೆಯುತ್ತದೆ. ಆತ ಕಪ್ಪು ವರ್ಣದವನು, ಆ ಕಾಲದ ಅಮೆರಿಕನ್ ಕಾಮಿಕ್ಸ್‌ಗೆ ಅದು ಸಣ್ಣ ಹೆಜ್ಜೆಯಲ್ಲ. ಆಮೇಲೆ ಸೂಪರ್‌ಹೀರೋಗಳ ತಂಡ ಅವೆಂಜರ್ಸ್‌ನ ಕೇಂದ್ರದಲ್ಲಿ ಸಂಪರ್ಕ ವಿಭಾಗದ ಕೆಲಸ. ಪರದೆ ನೋಡುವುದು, ಕರೆ ತೆಗೆದುಕೊಳ್ಳುವುದು, ಸಂದೇಶ ದಾಟಿಸುವುದು.

ಇಲ್ಲಿ ಒಂದು ತಾಂತ್ರಿಕ ತೊಂದರೆ ಇದೆ, ಕಾಮಿಕ್ಸ್ ಓದುವವರಿಗೆಲ್ಲ ಪರಿಚಿತ. ಕಥೆಯೊಳಗಿನ ‘ಇವತ್ತು’ ವರ್ಷದಿಂದ ವರ್ಷಕ್ಕೆ ಮುಂದಕ್ಕೆ ಜರುಗುತ್ತದೆ, ಆದರೆ ಎರಡನೇ ಮಹಾಯುದ್ಧ ಜರುಗುವುದಿಲ್ಲ. 1945ಕ್ಕೆ ಕಟ್ಟಿಹಾಕಿದ ಪಾತ್ರ ಪ್ರತಿ ದಶಕಕ್ಕೂ ಹತ್ತು ವರ್ಷ ಮುದಿಯಾಗಲೇಬೇಕು. 1966ರಲ್ಲಿ ಇಪ್ಪತ್ತರ ಆಸುಪಾಸಿನ ಶ್ಯಾರನ್‌ಗೆ ನಲವತ್ತರ ಅಕ್ಕ ಇರಬಹುದು. 1990ರಲ್ಲೂ ಶ್ಯಾರನ್ ಹರೆಯದವಳೇ ಆಗಿದ್ದರೆ ಅರವತ್ತು ದಾಟಿದ ಅಕ್ಕ ಹೊಂದುವುದಿಲ್ಲ. ಹಾಗಾಗಿ ಅಕ್ಕ ಹೋಗಿ ಅತ್ತೆಯಾದಳು. ಸಿನಿಮಾಕ್ಕೆ ಬರುವ ಹೊತ್ತಿಗೆ ಅಜ್ಜಿಯ ತಲೆಮಾರಿಗೆ ಹೋದಳು. ಕ್ಯಾಪ್ಟನ್‌ಗೆ ಮಂಜುಗಡ್ಡೆ ಇತ್ತು. ಪೆಗ್ಗಿಗೆ ಇರಲಿಲ್ಲ. ನನಗೆ ಇದು ಅವಳ ದೌರ್ಬಲ್ಯ ಅನ್ನಿಸುವುದಿಲ್ಲ. ಸಾಯದ ಲೋಕದಲ್ಲಿ ಕಾಲಕ್ಕೆ ತಕ್ಕಂತೆ ವಯಸ್ಸಾದ ಕೆಲವೇ ಪಾತ್ರಗಳಲ್ಲಿ ಅವಳೊಬ್ಬಳು. ಟಿವಿಯವರು ಅದನ್ನೇ ಬಂಡವಾಳ ಮಾಡಿಕೊಂಡರು.

ಕಡೆಗೆ 2011. ಆ ವರ್ಷದ ಜುಲೈನಲ್ಲಿ ಹೊಸದಾಗಿ ಒಂದನೇ ಅಂಕಿಯಿಂದ ಶುರುವಾದ ‘ಕ್ಯಾಪ್ಟನ್ ಅಮೆರಿಕ’ ಕಾಮಿಕ್ಸ್ ತೆರೆದುಕೊಳ್ಳುವುದು ಪ್ಯಾರಿಸ್ಸಿನಲ್ಲಿ ಪೆಗ್ಗಿಯ ಅಂತ್ಯಕ್ರಿಯೆಯಿಂದ. ಅದೇ ತಿಂಗಳು ‘ದಿ ಫಸ್ಟ್ ಅವೆಂಜರ್’ ಸಿನಿಮಾ ಬಿಡುಗಡೆಯಾಯಿತು. ಕಾಗದದ ಮೇಲೆ ಅವಳನ್ನು ಮಣ್ಣು ಮಾಡಿದ ತಿಂಗಳೇ ಸಿನಿಮಾ ತೆರೆಯ ಮೇಲೆ ಅವಳು ಮೊದಲ ಸಲ ಕಾಲಿಟ್ಟಳು.

ಆ ಸಿನಿಮಾದಲ್ಲಿ ಏನು ಬದಲಾಯಿತು? ಮೊದಲನೆಯದು, ಅವಳು ಬ್ರಿಟಿಷ್ ಆದಳು. ಎರಡನೆಯದು ಇನ್ನೂ ದೊಡ್ಡದು: ಅವಳಿಗೆ ಒಂದು ಇಲಾಖೆ ಸಿಕ್ಕಿತು. ಸ್ಟ್ರಾಟೆಜಿಕ್ ಸೈಂಟಿಫಿಕ್ ರಿಸರ್ವ್, ಚಿಕ್ಕದಾಗಿ ಎಸ್‌ಎಸ್‌ಆರ್. ಕಾಮಿಕ್ಸ್‌ನಲ್ಲಿ ನಾಯಕ ಆಗಲೇ ನಾಯಕನಾದ ಮೇಲೆ ಅವಳು ಅವನಿಗೆ ಸಿಗುತ್ತಾಳೆ. ಸಿನಿಮಾದಲ್ಲಿ ಅವನಿನ್ನೂ ಪೀಚಲು ಹುಡುಗನಾಗಿದ್ದಾಗ ಅವಳು ತರಬೇತಿ ಶಿಬಿರದಲ್ಲಿ ಅಧಿಕಾರಿ. ಅವಳನ್ನು ಹಗುರವಾಗಿ ಮಾತಾಡಿಸಿದ ಒಬ್ಬ ಸಿಪಾಯಿಯ ಮೂಗಿಗೆ ಗುದ್ದುತ್ತಾಳೆ. ಈ ಗುದ್ದನ್ನು ಎಲ್ಲರೂ ನೆನಪಿಟ್ಟುಕೊಳ್ಳುತ್ತಾರೆ. ನಾನು ನಿಮಗೆ ತೋರಿಸಬೇಕು ಅಂದುಕೊಂಡಿರುವುದು ಬೇರೆ ದೃಶ್ಯ. ಗುರಾಣಿ ಪರೀಕ್ಷೆಯ ದೃಶ್ಯ. ಬೇರೆ ಹುಡುಗಿ ಅವನಿಗೆ ಮುತ್ತಿಟ್ಟದ್ದನ್ನು ಕಂಡು ಕೋಪಗೊಂಡ ಪೆಗ್ಗಿ, ಅವನು ಹೊಸ ಗುರಾಣಿ ಹಿಡಿದು ಹೇಗಿದೆ ಅಂತ ಕೇಳಿದಾಗ, ನೇರ ಅದರ ಮೇಲೇ ಪಿಸ್ತೂಲು ಹಾರಿಸುತ್ತಾಳೆ. ಜನ ನಗುತ್ತಾರೆ. ಆದರೆ ಲೆಕ್ಕ ಹಾಕಿ ನೋಡಿ, ಆ ಸಿನಿಮಾದಲ್ಲಿ ಅವಳು ಮಾಡುವ ಎಷ್ಟೋ ಕೆಲಸದ ದಿಕ್ಕು ಅವನ ಕಡೆಗೇ ಇದೆ. ಅವನನ್ನು ಅಳೆಯುತ್ತಾಳೆ, ನಂಬುತ್ತಾಳೆ, ಶತ್ರುವಿನ ಸಾಲಿನ ಹಿಂದಕ್ಕೆ ಅವನು ಹೋಗುವಂತೆ ವಿಮಾನ ಹೊಂದಿಸುತ್ತಾಳೆ, ಕೊನೆಗೆ ರೇಡಿಯೋದಲ್ಲಿ ಬೀಳ್ಕೊಡುತ್ತಾಳೆ. ಹುದ್ದೆ ಬಂತು. ಅವಳದೇ ಅನ್ನುವ ಕೆಲಸ ಇನ್ನೂ ಬಂದಿಲ್ಲ.

ಆ ರೇಡಿಯೋ ದೃಶ್ಯ ಗಟ್ಟಿಯಾದದ್ದು, ಇರಲಿ. ಬಾಂಬು ತುಂಬಿದ ವಿಮಾನವನ್ನು ಅವನು ಹಿಮದೊಳಕ್ಕೆ ಇಳಿಸುತ್ತಿದ್ದಾನೆ, ಅವಳು ಈ ತುದಿಯಲ್ಲಿ ಮೈಕಿನ ಮುಂದೆ. ಶನಿವಾರ ಎಂಟು ಗಂಟೆಗೆ ಸ್ಟೋರ್ಕ್ ಕ್ಲಬ್ಬಿನಲ್ಲಿ ಕುಣಿತ ಅಂತ ಮಾತುಕತೆ. ಮಧ್ಯದಲ್ಲಿ ಸಂಪರ್ಕ ಕಡಿಯುತ್ತದೆ. ಇದನ್ನೂ ಫಾಸ್ಟಸ್ ಜತೆಗೇ ಎತ್ತಿಟ್ಟುಕೊಳ್ಳಿ.

2013ರಲ್ಲಿ ‘ಐರನ್ ಮ್ಯಾನ್ 3’ ಡಿಸ್ಕಿನ ಜತೆ ಹದಿನೈದು ನಿಮಿಷದ ಒಂದು ಕಿರುಚಿತ್ರ ಬಂತು, ಹೆಸರು ‘ಏಜೆಂಟ್ ಕಾರ್ಟರ್’. ನಿರ್ದೇಶನ ಲೂಯಿ ಡಿ’ಎಸ್ಪೊಸಿಟೊ. ಯುದ್ಧ ಮುಗಿದಿದೆ. ಪೆಗ್ಗಿ ಕಚೇರಿಯಲ್ಲಿ ಕಡತ ಜೋಡಿಸುತ್ತ ಕೂತಿದ್ದಾಳೆ, ಗಂಡಸರು ಕಾರ್ಯಾಚರಣೆಗೆ ಹೋಗುತ್ತಾರೆ, ಸಂಜೆ ಅವಳನ್ನು ಬಿಟ್ಟು ಕುಡಿಯಲು ಹೋಗುತ್ತಾರೆ. ಒಂದು ರಾತ್ರಿ ಅವಳು ಒಬ್ಬಳೇ ಇದ್ದಾಗ ಫೋನು ಬರುತ್ತದೆ. ಮೂರರಿಂದ ಐದು ಜನ ಬೇಕಾಗುವ ಕೆಲಸವನ್ನು ಒಬ್ಬಳೇ ಮುಗಿಸಿ ಬರುತ್ತಾಳೆ. ಮಾರನೆಯ ದಿನ ಮೇಲಧಿಕಾರಿ ಬೈಯುತ್ತಾನೆ. ಸರಣಿಯ ಬೀಜ ಇಲ್ಲೇ ಇದೆ: ಯುದ್ಧ ಅವಳಿಗೆ ಕೆಲಸ ಕೊಟ್ಟಿತ್ತು, ಶಾಂತಿ ಅದನ್ನು ಕಿತ್ತುಕೊಂಡಿತು.

ಇದು ಬರೀ ಕಲ್ಪನೆಯಲ್ಲ. ಅಮೆರಿಕದ ಯುದ್ಧಕಾಲದ ಗೂಢಚರ್ಯೆ ಸಂಸ್ಥೆ ಓಎಸ್‌ಎಸ್ 1945ರ ಅಕ್ಟೋಬರ್ 1ಕ್ಕೆ ಮುಚ್ಚಿತು. ಬ್ರಿಟನ್ನಿನ ಸ್ಪೆಷಲ್ ಆಪರೇಷನ್ಸ್ ಎಕ್ಸಿಕ್ಯೂಟಿವ್, ಅಂದರೆ ಎಸ್‌ಒಇ, 1946ರ ಜನವರಿಯಲ್ಲಿ ಮುಚ್ಚಿತು. ಸರಣಿ ನಡೆಯುವುದು ಅದೇ 1946ರಲ್ಲಿ, ನ್ಯೂಯಾರ್ಕಿನಲ್ಲಿ.

ಈಗ ನಿಜವಾದ ಹೆಂಗಸರ ಕಡೆ ಸ್ವಲ್ಪ ನೋಡೋಣ. ಅದು ಗೊತ್ತಿಲ್ಲದೆ ಈ ಸರಣಿ ಎಲ್ಲಿ ಸರಿ, ಎಲ್ಲಿ ತಪ್ಪು ಅಂತ ಹೇಳಲಾಗದು. ಎಸ್‌ಒಇಯ ಫ್ರಾನ್ಸ್ ವಿಭಾಗ ಸುಮಾರು ನಲವತ್ತು ಮಹಿಳೆಯರನ್ನು ಶತ್ರುವಿನ ನೆಲಕ್ಕೆ ಕಳಿಸಿತು. ಯಾಕೆ ಮಹಿಳೆಯರು? ಔದಾರ್ಯದಿಂದಲ್ಲ, ವ್ಯವಹಾರದಿಂದ. 1943ರ ಹೊತ್ತಿಗೆ ಫ್ರಾನ್ಸಿನ ಹರೆಯದ ಗಂಡಸರನ್ನು ಜರ್ಮನಿಯ ಕಾರ್ಖಾನೆಗಳಿಗೆ ಬಲವಂತವಾಗಿ ಸಾಗಿಸುತ್ತಿದ್ದರು. ಬೀದಿಯಲ್ಲಿ ಓಡಾಡುವ ಗಟ್ಟಿಮುಟ್ಟಾದ ಯುವಕ ಅಂದರೆ ತಡೆದು ಕಾಗದ ಕೇಳುತ್ತಿದ್ದರು. ಸೈಕಲ್ಲಿನ ಮುಂದೆ ಬುಟ್ಟಿ ಕಟ್ಟಿಕೊಂಡು ತರಕಾರಿಗೆ ಹೊರಟ ಹೆಂಗಸನ್ನು ಅಷ್ಟಾಗಿ ತಡೆಯುತ್ತಿರಲಿಲ್ಲ. ಇನ್ನೊಂದು ಕಾನೂನಿನ ತೊಡಕು. ಸೇನೆಯ ಮಹಿಳಾ ಸಹಾಯಕ ದಳಗಳಿಗೆ ಆಯುಧ ಹಿಡಿಯುವ ಅನುಮತಿ ಇರಲಿಲ್ಲ. ಆದ್ದರಿಂದ ಇವರನ್ನು ಫ್ಯಾನಿ ಅನ್ನುವ ದಾದಿಯರ ಸ್ವಯಂಸೇವಾ ದಳದ ಹೆಸರಿಗೆ ಸೇರಿಸಿ ಕಳಿಸಿದರು.

ಅವರಲ್ಲಿ ಒಬ್ಬಳು ನಮ್ಮ ಕಡೆಯ ನೆತ್ತರಿನವಳು. ನೂರ್ ಇನಾಯತ್ ಖಾನ್, 1914ರಲ್ಲಿ ಮಾಸ್ಕೋದಲ್ಲಿ ಹುಟ್ಟಿದವಳು. ತಂದೆ ಸೂಫಿ ಸಂಗೀತಗಾರ ಇನಾಯತ್ ಖಾನ್. ತಂದೆಯ ಕಡೆಯಿಂದ ಅವಳು ಟಿಪ್ಪು ಸುಲ್ತಾನನ ವಂಶದವಳು. ಮುತ್ತಜ್ಜ ಮೌಲಾ ಬಕ್ಷ್ ಮೈಸೂರಿನ ಆಸ್ಥಾನದಲ್ಲಿದ್ದು ಕರ್ನಾಟಕ ಸಂಗೀತ ಕಲಿತು ಹೋದವರು. ನೂರ್‌ಳ ಗುಪ್ತನಾಮ ‘ಮ್ಯಾಡೆಲಿನ್’. ಕಾಮಿಕ್ಸ್‌ನ ಪೆಗ್ಗಿಗೆ ಪ್ರತಿರೋಧ ಪಡೆಯಲ್ಲಿದ್ದ ಗುಪ್ತನಾಮ ‘ಮ್ಯಾಡಮೊಸೆಲ್’. 1943ರ ಜೂನ್ ನಡುವಿನಲ್ಲಿ ನೂರ್‌ಳನ್ನು ವಿಮಾನದಲ್ಲಿ ಫ್ರಾನ್ಸಿಗೆ ಇಳಿಸಿದರು. ಅಲ್ಲಿಗೆ ಎಸ್‌ಒಇ ಕಳಿಸಿದ ಮೊದಲ ಮಹಿಳಾ ವೈರ್‌ಲೆಸ್ ಆಪರೇಟರ್ ಅವಳು.

ವೈರ್‌ಲೆಸ್ ಆಪರೇಟರ್ ಕೆಲಸ ಅಂದರೆ ಏನು? ಸೂಟ್‌ಕೇಸಿನಲ್ಲಿ ಅಡಗಿಸಿದ ಸೆಟ್ಟು, ಸುಮಾರು ಹದಿನೈದು ಕಿಲೋ ತೂಗುತ್ತಿತ್ತು. ಉದ್ದಕ್ಕೆ ತಂತಿ ಎಳೆದು ಏರಿಯಲ್ ಕಟ್ಟಬೇಕು. ಕಿಟಕಿಯಾಚೆ ಮರಕ್ಕೆ ತಂತಿ ಬಿಗಿಯುವುದನ್ನು ಯಾರಾದರೂ ನೋಡಿದರೆ ಮುಗಿಯಿತು. ಲಂಡನ್ ಕೇಳುತ್ತಿದ್ದ ಗೊತ್ತಾದ ವೇಳೆಗೇ ಸಂದೇಶ ಕಳಿಸಬೇಕು, ಸಂಕೇತಕ್ಕೆ ಇಳಿಸಿ, ಮೋರ್ಸ್‌ನಲ್ಲಿ ಕುಟ್ಟಬೇಕು. ಸಂಕೇತದೊಳಗೆ ಬೇಕೆಂದೇ ಹಾಕುವ ಒಂದೆರಡು ತಪ್ಪುಗಳಿದ್ದವು. ಆ ತಪ್ಪು ಇಲ್ಲದೆ ಸಂದೇಶ ಬಂದರೆ ಕಳಿಸುತ್ತಿರುವವರು ಸೆರೆಯಲ್ಲಿದ್ದಾರೆ ಅಂತ ಲಂಡನ್ನಿಗೆ ತಿಳಿಯಬೇಕು. ಹೆಚ್ಚು ಹೊತ್ತು ಕುಟ್ಟಿದರೆ ಜರ್ಮನರ ದಿಕ್ಕು ಹುಡುಕುವ ವಾಹನ ಮನೆ ಬಾಗಿಲಿಗೇ ಬರುತ್ತಿತ್ತು. ಒಬ್ಬ ಆಪರೇಟರ್ ಹೊರಗಿರುವುದು ಆರು ವಾರ ಅನ್ನುವುದು ಎಸ್‌ಒಇಯೊಳಗಿನ ಅಂದಾಜು. ನೂರ್ ಸುಮಾರು ನಾಲ್ಕು ತಿಂಗಳು ಉಳಿದಳು. ಜತೆಯ ಜಾಲ ಪೂರ್ತಿ ಸಿಕ್ಕಿಬಿದ್ದ ಮೇಲೂ ಮನೆ ಬದಲಿಸುತ್ತ, ಕೂದಲಿಗೆ ಬಣ್ಣ ಬದಲಿಸುತ್ತ ಕೆಲಸ ಮುಂದುವರಿಸಿದಳು. ಎಡವಟ್ಟಾದದ್ದು ಎಲ್ಲಿ? ಕಳಿಸಿದ ಸಂದೇಶಗಳ ಪ್ರತಿಯನ್ನು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದಳು. ಅಕ್ಟೋಬರಿನಲ್ಲಿ ಅವಳು ಸಿಕ್ಕಿಬಿದ್ದಾಗ ಆ ಪುಸ್ತಕವೂ ಜರ್ಮನರ ಕೈಗೆ ಹೋಯಿತು. ಅವರು ಅವಳ ಸೆಟ್ಟಿನಿಂದಲೇ ಲಂಡನ್ನಿಗೆ ಸಂದೇಶ ಕಳಿಸಿದರು, ಲಂಡನ್ ಬಹಳ ಕಾಲ ನಂಬಿತು. 1944ರ ಸೆಪ್ಟೆಂಬರ್ 13ರಂದು ದಖಾವ್ ಶಿಬಿರದಲ್ಲಿ ಅವಳನ್ನು ಕೊಂದರು. 1949ರಲ್ಲಿ ಬ್ರಿಟನ್ನಿನ ಶೌರ್ಯ ಪದಕ ಜಾರ್ಜ್ ಕ್ರಾಸ್ ಬಂತು.

ಇಷ್ಟು ಹೇಳಿದ್ದಕ್ಕೆ ಕಾರಣವಿದೆ. ಪೆಗ್ಗಿಯನ್ನು ನೂರ್ ಮೇಲೆ ರೂಪಿಸಿದರು ಅಂತ ನಾನು ಹೇಳುತ್ತಿಲ್ಲ. ಅಂಥ ಲೇಖನ ಎಲ್ಲಾದರೂ ಕಂಡರೆ ನಂಬಬೇಡಿ. ಆದರೆ ಬುಟ್ಟಿ ಕಟ್ಟಿದ ಸೈಕಲ್ಲಿನ ತರ್ಕ ಇದೆಯಲ್ಲ, ಹೆಂಗಸು ಕಣ್ಣಿಗೆ ಬಿದ್ದರೂ ಲೆಕ್ಕಕ್ಕೆ ಬರುವುದಿಲ್ಲ ಅನ್ನುವುದು, ಅದೇ ‘ಏಜೆಂಟ್ ಕಾರ್ಟರ್’ ಸರಣಿಯ ಯಂತ್ರ. 2015ರ ಜನವರಿಯಲ್ಲಿ ಎಬಿಸಿ ವಾಹಿನಿಯಲ್ಲಿ ಶುರುವಾಯಿತು, ಮೊದಲ ಸೀಸನ್ ಎಂಟು ಕಂತು. ರೂಪಿಸಿದವರು ಕ್ರಿಸ್ಟೋಫರ್ ಮಾರ್ಕಸ್ ಮತ್ತು ಸ್ಟೀಫನ್ ಮೆಕ್‌ಫೀಲಿ, ಮೊದಲ ಸಿನಿಮಾ ಬರೆದವರೇ. ಸರಣಿ ನಡೆಸಿದವರಲ್ಲಿ ಟಾರಾ ಬಟರ್ಸ್ ಮತ್ತು ಮಿಷೆಲ್ ಫಜೆಕಾಸ್ ಇದ್ದರು.

ಎಸ್‌ಎಸ್‌ಆರ್ ಕಚೇರಿ ಹೊರಗಿನಿಂದ ಟೆಲಿಫೋನ್ ಕಂಪನಿ. ಒಳಗೆ ಹೋಗಲು ಸ್ವಿಚ್‌ಬೋರ್ಡಿನಲ್ಲಿ ಕೂತ ಹುಡುಗಿಯರನ್ನು ದಾಟಿ ಹೋಗಬೇಕು. ಪೆಗ್ಗಿ ಅಲ್ಲಿ ಏಜೆಂಟ್, ಆದರೆ ಅವಳ ಪಾಲಿಗೆ ಬರುವುದು ಕಡತ, ಊಟದ ಆರ್ಡರು, ಕಾಫಿ. ಸಂಶೋಧಕ ಹೊವರ್ಡ್ ಸ್ಟಾರ್ಕ್ ಮೇಲೆ ದೇಶದ್ರೋಹದ ಆರೋಪ, ಅವನ ಕದ್ದುಹೋದ ಆವಿಷ್ಕಾರಗಳನ್ನು ಅವಳು ಕಚೇರಿಗೆ ಗೊತ್ತಾಗದಂತೆ ಹುಡುಕಬೇಕು. ಸಹಾಯಕ್ಕೆ ಅವನ ಬಟ್ಲರ್ ಜಾರ್ವಿಸ್. ಈಗ ನೋಡಿ, ಅವಮಾನದ ಒಂದೊಂದು ವಸ್ತುವೂ ಹತ್ಯಾರಾಗುತ್ತದೆ. ಕಾಫಿ ತಟ್ಟೆ ಹಿಡಿದವಳು ಸಭೆಯೊಳಗೆ ಹೋದರೆ ಯಾರೂ ಮಾತು ನಿಲ್ಲಿಸುವುದಿಲ್ಲ. ಕಡತದ ಕೋಣೆಯಲ್ಲಿ ಅವಳು ಎಷ್ಟು ಹೊತ್ತಿದ್ದರೂ ಯಾರೂ ಕೇಳುವುದಿಲ್ಲ. ರಜೆ ಬೇಕಾದಾಗ ಹೆಂಗಸರ ತೊಂದರೆ ಅಂದರೆ ಸಾಕು, ಮೇಲಧಿಕಾರಿ ಮುಂದೆ ಒಂದು ಮಾತಾಡುವುದಿಲ್ಲ. ಅವಳ ತುಟಿಗೆ ಹಚ್ಚಿದ್ದರಲ್ಲಿ ಮತ್ತು ಬರಿಸುವ ಔಷಧವಿದೆ ಅನ್ನುವುದು ಕಾಮಿಕ್ಸ್ ಚಮತ್ಕಾರ. ಕಾಫಿ ತಟ್ಟೆ ಅದಕ್ಕಿಂತ ಒಳ್ಳೆಯ ಬರವಣಿಗೆ.

ಹಾಗಾದರೆ ಕೆಂಪು ಹ್ಯಾಟು? ಗೂಢಚಾರಿಣಿ ಯಾರಾದರೂ ಕೆಂಪು ಹ್ಯಾಟು ಹಾಕಿ ಬೀದಿಗೆ ಇಳಿಯುತ್ತಾಳೆಯೇ ಅಂತ ನೀವು ಕೇಳಬಹುದು. ಸರಿಯಾದ ಪ್ರಶ್ನೆ. ಬೂದು ಬಣ್ಣದ ಸೂಟಿನ ಗಂಡಸರ ಗುಂಪಿನ ನಡುವೆ ಅವಳು ಎದುರಿನಿಂದ ನಡೆದು ಬರುವ ಆ ಚಿತ್ರ ನಮಗಾಗಿ ಇದೆ, ಶತ್ರುವಿಗಾಗಿ ಅಲ್ಲ. ನೀಲಿ ಸೂಟು, ಬಿಳಿ ಅಂಗಿ, ಕೆಂಪು ಹ್ಯಾಟು, ಮೂರೂ ಸೇರಿದರೆ ಕ್ಯಾಪ್ಟನ್ನನ ಬಣ್ಣಗಳು. ವಸ್ತ್ರ ವಿನ್ಯಾಸ ಜಿಯೊವಾನಾ ಒಟ್ಟೊಬ್ರೆ-ಮೆಲ್ಟನ್ ಅವರದು. ನಿಜವಾದ ಒಳನುಗ್ಗುವ ಕೆಲಸಕ್ಕೆ ಪೆಗ್ಗಿ ಆ ಹ್ಯಾಟು ತೆಗೆದಿಟ್ಟು ಬೇರೆ ಕೂದಲು, ಬೇರೆ ಉಚ್ಚಾರಣೆ ಹಾಕಿಕೊಳ್ಳುತ್ತಾಳೆ. ಇದನ್ನು ಗಮನಿಸಿದರೆ ಹ್ಯಾಟಿನ ಮೇಲಿನ ದೂರು ಅರ್ಧ ಕಡಿಮೆಯಾಗುತ್ತದೆ.

ಎರಡನೇ ಕಂತಿನ ಒಂದು ದೃಶ್ಯವನ್ನು ಹತ್ತಿರದಿಂದ ನೋಡೋಣ. ಸರಣಿಯೊಳಗೆ ಕ್ಯಾಪ್ಟನ್ ಅಮೆರಿಕ ಬಗ್ಗೆ ಒಂದು ರೇಡಿಯೋ ನಾಟಕ ಪ್ರಸಾರವಾಗುತ್ತಿರುತ್ತದೆ. ಅದರಲ್ಲಿ ಬೆಟ್ಟಿ ಕಾರ್ವರ್ ಅನ್ನುವ ನರ್ಸ್, ಸಿಕ್ಕಿಬೀಳುವುದು ಮತ್ತು ಕಾಪಾಡಿ ಅಂತ ಕೂಗುವುದು ಬಿಟ್ಟರೆ ಅವಳಿಗೆ ಬೇರೆ ಕೆಲಸವಿಲ್ಲ. ಪೆಗ್ಗಿಗೆ ಆ ದನಿ ಕೇಳಿದರೇ ಮೈ ಉರಿಯುತ್ತದೆ. ಈ ಕಂತಿನಲ್ಲಿ ಪೆಗ್ಗಿ ಒಬ್ಬ ಗಟ್ಟಿ ಆಳಿನ ಜತೆ ಹೊಡೆದಾಡುತ್ತಾಳೆ, ಅದೇ ಹೊತ್ತಿಗೆ ನಾಟಕ ನಡೆಯುತ್ತಿದೆ. ಸ್ಟುಡಿಯೋದಲ್ಲಿ ಸದ್ದು ಮಾಡುವವನು ಮಾಂಸದ ತುಂಡಿಗೆ ಗುದ್ದುತ್ತಾನೆ, ಇಲ್ಲಿ ಪೆಗ್ಗಿಯ ಗುದ್ದು ಆ ಆಳಿಗೆ ಬೀಳುತ್ತದೆ. ಅಲ್ಲಿ ಚಿಪ್ಪು ಮುರಿಯುತ್ತದೆ, ಇಲ್ಲಿ ಕೈ ಮುರಿಯುತ್ತದೆ. ಅಲ್ಲಿ ಬೆಟ್ಟಿ ಕಿರುಚುತ್ತಾಳೆ, ಇಲ್ಲಿ ಪೆಗ್ಗಿ ಆಳನ್ನು ಕಟ್ಟಿಹಾಕುತ್ತಿದ್ದಾಳೆ. ಒಂದು ಮಾತೂ ಆಡದೆ 1966ರ ಪೆಗ್ಗಿಗೂ 2015ರ ಪೆಗ್ಗಿಗೂ ಇರುವ ಅಂತರವನ್ನು ಒಂದೆರಡು ನಿಮಿಷದಲ್ಲಿ ಸಂಕಲನದ ಕತ್ತರಿ ಹೇಳಿಬಿಡುತ್ತದೆ. ಕಾಮಿಕ್ಸ್‌ನ ಹಳೆಯ ಪೆಗ್ಗಿಯನ್ನು ಅಳಿಸಲಿಲ್ಲ, ಬೆಟ್ಟಿ ಅಂತ ಹೆಸರಿಟ್ಟು ರೇಡಿಯೋ ಒಳಗೆ ಕೂರಿಸಿದರು.

ಏಳನೇ ಕಂತಿನಲ್ಲಿ ವಿಚಾರಣೆ. ಪೆಗ್ಗಿ ಸಿಕ್ಕಿಬಿದ್ದಿದ್ದಾಳೆ, ಅವಳ ಸಹೋದ್ಯೋಗಿಗಳೇ ಎದುರಿಗೆ ಕೂತು ಪ್ರಶ್ನೆ ಕೇಳುತ್ತಿದ್ದಾರೆ. ನೀವು ಮೂವರೂ ನನ್ನನ್ನು ನೋಡಲೇ ಇಲ್ಲ, ಒಬ್ಬೊಬ್ಬರೂ ನಿಮಗೆ ಬೇಕಾದ ಹೆಂಗಸನ್ನು ನೋಡಿದಿರಿ ಅನ್ನುವ ಅರ್ಥದಲ್ಲಿ ಅವಳು ಉತ್ತರಿಸುತ್ತಾಳೆ. ಒಬ್ಬನಿಗೆ ಬಾಗಿಲಿಗೆ ಬಂದ ಬೆಕ್ಕಿನ ಮರಿ, ಒಬ್ಬನಿಗೆ ಕಾಪಾಡಬೇಕಾದ ಗುಮಾಸ್ತೆ, ಒಬ್ಬನಿಗೆ ಪೀಠದ ಮೇಲಿನಿಂದ ಬಿದ್ದವಳು. ಮೂರನೆಯವನು ಡೇನಿಯಲ್ ಸೂಸಾ, ಯುದ್ಧದಲ್ಲಿ ಕಾಲು ಕಳೆದುಕೊಂಡ ಒಳ್ಳೆಯ ಮನುಷ್ಯ. ಒಳ್ಳೆಯವನನ್ನೂ ಬಿಡದೆ ಸೇರಿಸಿದ್ದು ಬರಹಗಾರರ ಪ್ರಾಮಾಣಿಕತೆ. ಅಂದ ಹಾಗೆ, ನಿಜವಾದ ಯುದ್ಧದಲ್ಲಿ ಮರದ ಕಾಲಿನ ಒಬ್ಬ ಪ್ರಸಿದ್ಧ ಗೂಢಚರರು ಇದ್ದರು, ಅವರೂ ಹೆಂಗಸೇ: ಅಮೆರಿಕದ ವರ್ಜೀನಿಯಾ ಹಾಲ್. ಅದೇ ಕಾಲಿನಲ್ಲಿ ಪಿರನೀಸ್ ಬೆಟ್ಟ ದಾಟಿ ಸ್ಪೇನಿಗೆ ತಪ್ಪಿಸಿಕೊಂಡವರು.

ಎತ್ತಿಟ್ಟುಕೊಳ್ಳಿ ಅಂತ ಹೇಳಿದ್ದ ಎರಡು ಸಂಗತಿ ಈಗ ತೆಗೆಯೋಣ. ಮೊದಲ ಸೀಸನ್ನಿನ ಖಳ ಯಾರು? ಇವ್ಚೆಂಕೊ ಅಂತ ಹೇಳಿಕೊಂಡು ಬರುವ ಮನೋವೈದ್ಯ, ನಿಜ ಹೆಸರು ಯೋಹಾನ್ ಫೆನ್‌ಹಾಫ್. ಕಾಮಿಕ್ಸ್ ಓದಿದವರಿಗೆ ಗೊತ್ತು, ಅದು ಡಾಕ್ಟರ್ ಫಾಸ್ಟಸ್‌ನ ಹೆಸರು. 1973ರಲ್ಲಿ ಅವಳನ್ನು ರೋಗಿಯಾಗಿ ಸೆರೆಯಿಟ್ಟವನ ಬೆನ್ನು ಹತ್ತಿ ಈಗ ಅವಳು ಬಂದಿದ್ದಾಳೆ. ಕೊನೆಯ ಕಂತಿನಲ್ಲಿ ಫೆನ್‌ಹಾಫ್ ಹೊವರ್ಡ್ ಸ್ಟಾರ್ಕ್‌ಗೆ ಮೋಡಿ ಹಾಕಿ ವಿಷಾನಿಲದ ಜತೆ ವಿಮಾನ ಹತ್ತಿಸುತ್ತಾನೆ. ತಾನು ಹಿಮದಲ್ಲಿ ಕಳೆದುಹೋದ ಕ್ಯಾಪ್ಟನ್ ಅಮೆರಿಕನನ್ನು, ಅಂದರೆ ಸ್ಟೀವ್‌ನನ್ನು ಹುಡುಕಲು ಹೊರಟಿದ್ದೇನೆ ಅಂತ ಹೊವರ್ಡ್ ನಂಬಿದ್ದಾನೆ. ಕೆಳಗೆ ರೇಡಿಯೋ ಮುಂದೆ ಪೆಗ್ಗಿ. ಮತ್ತೆ ಅದೇ ಜೋಡಣೆ, ಆಕಾಶದಲ್ಲಿ ಒಬ್ಬ ಗಂಡಸು, ನೆಲದಲ್ಲಿ ಮೈಕಿನ ಮುಂದೆ ಅವಳು. 2011ರಲ್ಲಿ ಅವಳಿಗೆ ಉಳಿದಿದ್ದು ಕೇಳುವುದೊಂದೇ. ಇಲ್ಲಿ ಮಾತಿನಿಂದಲೇ ಅವನನ್ನು ವಾಪಸು ತರುತ್ತಾಳೆ. ಸ್ಟೀವ್ ಹೋದ, ನಾವಿಬ್ಬರೂ ಅದನ್ನು ಬಿಟ್ಟುಕೊಡಬೇಕು ಅನ್ನುವುದೇ ಆ ಮಾತಿನ ತಿರುಳು. ಐವತ್ತು ವರ್ಷ ಅವನ ನೆನಪಾಗಿ ಬದುಕಿದವಳು ಅವನ ನೆನಪನ್ನು ಇಳಿಸಿಡುತ್ತಾಳೆ. ನನ್ನ ಮಟ್ಟಿಗೆ ಪೆಗ್ಗಿಯ ಇಡೀ ಪ್ರಯಾಣದ ಎತ್ತರ ಇದೇ. ಆಮೇಲೆ ಕೀರ್ತಿಯನ್ನು ಸಹೋದ್ಯೋಗಿ ಥಾಂಪ್ಸನ್ ಹೊಡೆದುಕೊಂಡು ಹೋಗುತ್ತಾನೆ, ಅವಳು ತಲೆಕೆಡಿಸಿಕೊಳ್ಳುವುದಿಲ್ಲ.

ಎರಡನೇ ಸೀಸನ್, 2016, ಹತ್ತು ಕಂತು, 1947ರ ಲಾಸ್ ಏಂಜಲೀಸ್. ಬಿಸಿಲು, ಸಿನಿಮಾ ಸ್ಟುಡಿಯೋ, ಕಪ್ಪು ದ್ರವದಂಥ ಒಂದು ವಿಚಿತ್ರ ವಸ್ತು. ಗೂಢಚರ್ಯೆ ಕಡಿಮೆಯಾಗಿ ವಿಜ್ಞಾನದ ಮಾಯಾಜಾಲ ಹೆಚ್ಚಾಯಿತು, ಹಿಡಿತ ಸಡಿಲವಾಯಿತು. ಆದರೆ ನಾಲ್ಕನೇ ಕಂತಿನಲ್ಲಿ ಅವಳ ಹಿಂದಿನ ಬದುಕು ಸಿಗುತ್ತದೆ. ಬ್ಲೆಚ್ಲಿ ಪಾರ್ಕಿನಲ್ಲಿ ಸಂಕೇತ ಬಿಡಿಸುವ ಕೆಲಸ, ಕೈಯಲ್ಲಿ ನಿಶ್ಚಿತಾರ್ಥದ ಉಂಗುರ. ಎಸ್‌ಒಇಯಿಂದ ಬಂದ ಕರೆಯನ್ನು ಮೊದಲು ಬೇಡವೆನ್ನುತ್ತಾಳೆ. ಅಣ್ಣ ಮೈಕಲ್ ಬೈಯುತ್ತಾನೆ. ಮದುವೆಯ ಉಡುಪು ತೊಟ್ಟು ನೋಡುತ್ತಿರುವಾಗ ಅಣ್ಣ ಸತ್ತ ಸುದ್ದಿ ಬರುತ್ತದೆ. ಸ್ಟೀವ್ ಇನ್ನೂ ಕಥೆಯಲ್ಲೇ ಇಲ್ಲ, ಅಷ್ಟರಲ್ಲೇ ಅವಳ ನಿರ್ಧಾರ ಆಗಿಹೋಗಿದೆ. ಕಾಮಿಕ್ಸ್ ಯಾವತ್ತೂ ಕೇಳದ ಪ್ರಶ್ನೆಗೆ, ಅವಳು ಯುದ್ಧಕ್ಕೆ ಯಾಕೆ ಬಂದಳು ಅನ್ನುವುದಕ್ಕೆ, ಇಲ್ಲಿ ಉತ್ತರವಿ‌ದೆ. ಅದೇ ವರ್ಷದ ಮೇ ತಿಂಗಳಲ್ಲಿ ವಾಹಿನಿ ಸರಣಿಯನ್ನು ನಿಲ್ಲಿಸಿತು. ಕೊನೆಯ ದೃಶ್ಯದಲ್ಲಿ ಥಾಂಪ್ಸನ್‌ಗೆ ಗುಂಡು ಬಿದ್ದದ್ದು ಹಾಗೇ ಉಳಿಯಿತು.

ಸಿನಿಮಾಗಳ ಪೆಗ್ಗಿ ಈ ಹೊತ್ತಿಗೆ ಬೇರೆ ದಾರಿ ಹಿಡಿದಿದ್ದಳು. 2014ರ ‘ವಿಂಟರ್ ಸೋಲ್ಜರ್’ನಲ್ಲಿ ಹಾಸಿಗೆ ಹಿಡಿದ ಮುದುಕಿ, ನೆನಪು ಕೈಕೊಡುತ್ತಿದೆ. 2016ರ ‘ಸಿವಿಲ್ ವಾರ್’ನಲ್ಲಿ ಅವಳ ಅಂತ್ಯಕ್ರಿಯೆ. ಅಲ್ಲಿ ಶ್ಯಾರನ್ ಹೇಳುವ ಮಾತು ನಿಮಗೆ ನೆನಪಿರಬಹುದು: ಲೋಕವೆಲ್ಲ ಜರುಗು ಅಂದರೂ ನೀನು ಮರದಂತೆ ಬೇರೂರಿ ನಿಂತು, ನೀನೇ ಜರುಗು ಅನ್ನಬೇಕು ಅಂತ. ಪೆಗ್ಗಿ ಅತ್ತೆ ಹೇಳಿಕೊಟ್ಟದ್ದು ಅಂತ ಶ್ಯಾರನ್ ಹೇಳುತ್ತಾಳೆ. ಕಾಮಿಕ್ಸ್‌ನಲ್ಲಿ, 2007ರ ‘ಅಮೇಜಿಂಗ್ ಸ್ಪೈಡರ್-ಮ್ಯಾನ್’ 537ನೇ ಸಂಚಿಕೆಯಲ್ಲಿ, ಅದು ಕ್ಯಾಪ್ಟನ್ ಅಮೆರಿಕ ಸ್ಪೈಡರ್ ಮ್ಯಾನ್‌ಗೆ ಹೇಳುವ ಮಾತು. ನಾಯಕನ ಅತ್ಯಂತ ಪ್ರಸಿದ್ಧ ಮಾತನ್ನು ಅವನ ಬಾಯಿಂದ ತೆಗೆದು ಅವಳ ಹೆಸರಿಗೆ ಬರೆದರು. ಇದು ದೊಡ್ಡ ಆಸ್ತಿ ವರ್ಗಾವಣೆ. ಆದರೆ ಅದನ್ನು ಪಡೆಯುವ ಹೊತ್ತಿಗೆ ಅವಳು ಶವಪೆಟ್ಟಿಗೆಯಲ್ಲಿದ್ದಾಳೆ ಅನ್ನುವುದನ್ನೂ ಮರೆಯಬಾರದು. 2019ರ ‘ಎಂಡ್‌ಗೇಮ್’ ಕೊನೆಯಲ್ಲಿ ಸ್ಟೀವ್ ಕಾಲದಲ್ಲಿ ಹಿಂದಕ್ಕೆ ಹೋಗಿ ಬಾಕಿ ಉಳಿದ ಕುಣಿತ ಮುಗಿಸುತ್ತಾನೆ. ಚಿತ್ರಮಂದಿರದಲ್ಲಿ ಎಲ್ಲರ ಕಣ್ಣೂ ಒದ್ದೆ. ನನಗೆ ತಕರಾರಿದೆ. ಅವಳಿಗೆ ಅಲ್ಲಿ ಒಂದು ಮಾತೂ ಇಲ್ಲ. ಅವನ ದಣಿವಿನ ಕೊನೆಯಲ್ಲಿ ಕಾದಿರುವ ಮನೆ ಅವಳು. ಸರಣಿಯಲ್ಲಿ ಅವಳು ಅಷ್ಟು ಕಷ್ಟಪಟ್ಟು ಇಳಿಸಿಟ್ಟದ್ದನ್ನು ಅದೇ ಲೇಖಕರು ಮತ್ತೆ ಅವಳ ಕೈಗೆ ಕೊಟ್ಟರು.

ಇನ್ನು ಕ್ಯಾಪ್ಟನ್ ಕಾರ್ಟರ್. ಕ್ಯಾಪ್ಟನ್‌ಗೆ ಶಕ್ತಿ ಕೊಟ್ಟ ಸೀರಮ್ ಅನ್ನುವ ಔಷಧವನ್ನು ಪೆಗ್ಗಿಗೇ ಕೊಟ್ಟು ಗುರಾಣಿ ಹಿಡಿಸಿದ್ದು ಮೊದಲು ಒಂದು ಮೊಬೈಲ್ ಆಟದಲ್ಲಿ, 2016ರಲ್ಲಿ. ಆಮೇಲೆ 2018ರ ‘ಎಕ್ಸೈಲ್ಸ್’ ಕಾಮಿಕ್ಸ್, ಆಮೇಲೆ 2021ರ ‘ವಾಟ್ ಇಫ್...?’ ಅನಿಮೇಷನ್ನಿನ ಮೊದಲ ಕಂತು. ಆ ಕಂತಿನ ತಿರುವು ಚೆನ್ನಾಗಿದೆ: ಪ್ರಯೋಗ ನಡೆಯುವಾಗ ಮೇಲಿನ ಗಾಜಿನ ಕೋಣೆಗೆ ಹೋಗು ಅಂದರೆ ಅವಳು ಹೋಗುವುದಿಲ್ಲ, ಕೆಳಗೇ ನಿಲ್ಲುತ್ತಾಳೆ, ಅಷ್ಟರಿಂದಲೇ ಇತಿಹಾಸ ಬದಲಾಗುತ್ತದೆ. 2022ರಲ್ಲಿ ‘ಮಲ್ಟಿವರ್ಸ್ ಆಫ್ ಮ್ಯಾಡ್ನೆಸ್’ನಲ್ಲಿ ಆಟ್ವೆಲ್ ಅದೇ ವೇಷದಲ್ಲಿ ಬಂದರು, ಕೆಲವೇ ನಿಮಿಷದಲ್ಲಿ ಅವಳ ಗುರಾಣಿಯೇ ಅವಳನ್ನು ಕೊಂದಿತು. ಕಾಮಿಕ್ಸ್‌ನಿಂದ ತೆರೆಗೆ ಹೋದವಳು ತೆರೆಯಿಂದ ಕಾಮಿಕ್ಸ್‌ಗೆ ವಾಪಸು ಬಂದದ್ದೂ ಅದೇ ವರ್ಷ, ಜೇಮೀ ಮೆಕೆಲ್ವಿ ಬರೆದ ‘ಕ್ಯಾಪ್ಟನ್ ಕಾರ್ಟರ್’ ಕಿರುಸರಣಿಯಲ್ಲಿ. ಅಲ್ಲಿ ಮಂಜುಗಡ್ಡೆಯಿಂದ ಎದ್ದು ಬರುವವಳು ಅವಳು. ಮಕ್ಕಳಿಗೆ ಆ ಗುರಾಣಿ ಇಷ್ಟ, ಆಟಿಕೆ ಚೆನ್ನಾಗಿ ಮಾರಾಟವಾಗುತ್ತದೆ, ಅದರಲ್ಲಿ ತಪ್ಪೇನೂ ಇಲ್ಲ. ಆದರೆ ಬ್ರಿಟನ್ನಿನ ಬಾವುಟವನ್ನೇ ಎದೆಯ ಮುಂದೆ ಹಿಡಿದವಳಿಗೆ ಕಾಫಿ ತಟ್ಟೆ ಉಪಯೋಗಕ್ಕೆ ಬರುವುದಿಲ್ಲ. ಅವಳು ಸೂಪರ್‌ಹೀರೋ. ಗೂಢಚಾರಿಣಿ ಅಲ್ಲ.

ನೋಡಬೇಕು ಅನ್ನುವವರಿಗೆ: 2011ರ ಸಿನಿಮಾ ಮೊದಲು, ತಕ್ಷಣ ಸರಣಿಯ ಮೊದಲ ಸೀಸನ್ ಎಂಟೂ ಕಂತು ಒಟ್ಟಿಗೆ. 2013ರ ಕಿರುಚಿತ್ರವನ್ನು ಕೊನೆಗೆ ಇಟ್ಟುಕೊಳ್ಳಿ. ಅದರ ಕೊನೆಯಲ್ಲಿ ಅವಳಿಗೆ ಶೀಲ್ಡ್ ನಡೆಸುವ ಕರೆ ಬರುವುದರಿಂದ ಸರಣಿಗಿಂತ ಮುಂಚೆ ನೋಡಿದರೆ ಕಾಲದ ಲೆಕ್ಕ ತಪ್ಪುತ್ತದೆ. ಎರಡನೇ ಸೀಸನ್ನಿನಲ್ಲಿ ನಾಲ್ಕನೇ ಕಂತನ್ನು ಬಿಡಬೇಡಿ. ಹಳೆಯ ಕಾಮಿಕ್ಸ್ ಬೇಕಾದರೆ ಬಿಡಿ ಸಂಚಿಕೆ ಹುಡುಕಿ ಹಣ ಸುರಿಯುವುದು ಬೇಡ, ‘ಟೇಲ್ಸ್ ಆಫ್ ಸಸ್ಪೆನ್ಸ್’ 75ರಿಂದ 77ರವರೆಗಿನ ಕಥೆಗಳು ಸಂಕಲನಗಳಲ್ಲಿ ಸಿಗುತ್ತವೆ. ಪೆಗ್ಗಿಯ ಚೌಕಗಳನ್ನು ಬೆರಳಿಟ್ಟು ಎಣಿಸಿ ನೋಡಿ, ಬೇಗ ಮುಗಿಯುತ್ತದೆ.